ಎದುರುಬಟ್ಟೆ

ನಮ್ಮೂರಿನಲ್ಲಿ ಗಂಡಸರು ಬೆಳಗ್ಗೆ ಹೊಸಿಲು ದಾಟುವ ಮೊದಲು ಕಿಟಕಿಯಿಂದ ಬೀದಿಯನ್ನು ಒಂದು ಸಲ ಇಣುಕಿ ನೋಡುತ್ತಾರೆ. ಮಳೆ ಬಂದೀತೇ ಎಂದಲ್ಲ, ತನ್ನ ಹಾಗೆಯೇ ಬಟ್ಟೆ ತೊಟ್ಟವನು ಇನ್ನೊಬ್ಬ ಆಚೆ ಇದ್ದಾನೆಯೇ ಎಂದು. ಅಡಿಯಿಂದ ಮುಡಿಯವರೆಗೆ ಒಂದೇ ಥರ ತೊಟ್ಟ ಇಬ್ಬರು ಗಂಡಸರು ಬೀದಿಯಲ್ಲಿ ಮುಖಾಮುಖಿಯಾದರೆ ಇವನು ಅವನ ಮನೆಗೆ ಹೋಗಬೇಕು, ಅವನು ಇವನ ಮನೆಗೆ. ಸಂಜೆ ಆ ಮನೆಯ ದೀಪ ಹಚ್ಚುವವರೆಗೆ ಇವನೇ ಅವನು. ಅವನ ಕೆಲಸ ಮಾಡಬೇಕು, ಅವನ ತಟ್ಟೆಯಲ್ಲಿ ಉಣ್ಣಬೇಕು, ಅವನ ಹೆಸರು ಹಿಡಿದು ಕರೆದರೆ ಓಗೊಡಬೇಕು. ಇದಕ್ಕೆ ನಮ್ಮಲ್ಲಿ ಎದುರುಬಟ್ಟೆ ಎನ್ನುತ್ತಾರೆ. ಕಟ್ಟಳೆ ಮುರಿದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಮುರಿದವರು ಯಾರೂ ಇಲ್ಲವಾದ್ದರಿಂದ ನಮಗೂ ಗೊತ್ತಿಲ್ಲ.

ಹೆಂಗಸರಿಗೆ ಈ ಕಟ್ಟಳೆಯಿಲ್ಲ. ಹೆಂಗಸರು ಮನೆ ಬದಲಾಯಿಸಿದರೆ ಯಾವ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಯಾರಿಗೂ ತಿಳಿಯದೆ ಊರು ಉಪವಾಸ ಬೀಳುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಮಕ್ಕಳಿಗೂ ಇಲ್ಲ. ಪೊಲೀಸರಿಗೆ ಉಂಟು. ಹಿಂದೊಮ್ಮೆ ಅವರಿಗೆ ಸಮವಸ್ತ್ರ ಕೊಟ್ಟಿದ್ದರಂತೆ. ಯಾವ ಪೇದೆ ಯಾರ ಮನೆಯಲ್ಲಿ ಉಂಡ ಎಂಬುದು ಇಂದಿಗೂ ಬಗೆಹರಿದಿಲ್ಲ. ಈಗ ಅವರವರ ಅನುಕೂಲದ ಬಟ್ಟೆ ತೊಟ್ಟು ಬರುತ್ತಾರೆ, ಕೈಯಲ್ಲಿ ಲಾಠಿ ಇರುವುದರಿಂದ ಗುರುತು ಸಿಗುತ್ತದೆ.

ಹೀಗಿರುವಾಗ ನಮ್ಮೂರಿನ ಗಂಡಸರು ಉಡುಪಿನ ವಿಷಯದಲ್ಲಿ ಮೈಮರೆತು ಕೂರುವಂತಿಲ್ಲ. ಬೆಲ್ಟು, ಗುಂಡಿ, ಟೋಪಿ, ತೋಳು ಎಷ್ಟು ಮಡಿಚಬೇಕು, ಸಾಕ್ಸಿನ ಬಣ್ಣ ಎಷ್ಟು ಕಾಣಬೇಕು, ಇವೆಲ್ಲ ನಮ್ಮಲ್ಲಿ ಶೋಕಿಯಲ್ಲ, ಮುನ್ನೆಚ್ಚರಿಕೆ. ಇದನ್ನೆಲ್ಲ ಜೋಡಿಸಿ ಕೊಡುವುದೇ ನನ್ನ ಕಸುಬು. ಪೇಟೆಯ ತಿರುವಿನಲ್ಲಿ ನನ್ನದೊಂದು ಹೊಂದಿಕೆ ಅಂಗಡಿಯಿದೆ. ನಾನು ಯಾರ ಹತ್ತಿರವೂ ಕಲಿತವಳಲ್ಲ. ನನ್ನ ಗಂಡ ಮದುವೆಯಾದ ಹೊಸದರಲ್ಲಿ ತಿಂಗಳಿಗೆ ನಾಲ್ಕು ಸಲ ಬೇರೆಯವರ ಮನೆಯಲ್ಲಿ ಉಣ್ಣುತ್ತಿದ್ದರು. ಎಲ್ಲಿಗೆ ಹೋದರೂ ಅಲ್ಲಿನ ಸಾರು ಹೊಗಳಿಕೊಂಡು ಬರುತ್ತಿದ್ದರು. ಆ ಹೊಟ್ಟೆಯುರಿಗೆ ನಾನೇ ಕೂತು ಅವರ ಬಟ್ಟೆ ಹೊಂದಿಸತೊಡಗಿದೆ. ಆಮೇಲೆ ಪಕ್ಕದ ಮನೆಯವರು ಬಂದರು, ಆಮೇಲೆ ಬೀದಿಯವರು. ಕಮಲಕ್ಕ ಹೊಂದಿಸಿಕೊಟ್ಟ ಬಟ್ಟೆ ತೊಟ್ಟವನು ಮಧ್ಯಾಹ್ನ ತನ್ನ ಮನೆಯಲ್ಲೇ ಉಣ್ಣುತ್ತಾನೆ ಎಂಬ ಮಾತು ಊರಲ್ಲಿ ನಿಂತುಬಿಟ್ಟಿತು. ನಮ್ಮ ಕಸುಬಿನವರಿಗೆ ಒಂದೇ ಒಂದು ಆಣೆ: ಒಬ್ಬ ಗಿರಾಕಿ ನಾಳೆ ಏನು ತೊಡುತ್ತಾನೆಂದು ಇನ್ನೊಬ್ಬನಿಗೆ ಹೇಳಕೂಡದು. ಅಕಸ್ಮಾತ್ ನಮ್ಮ ಇಬ್ಬರು ಗಿರಾಕಿಗಳೇ ಎದುರಾದರೆ ಅದು ನಮ್ಮ ತಪ್ಪು. ನಾವೇ ಮುಂದೆ ನಿಂತು ಅವರನ್ನು ಆಯಾ ಮನೆಗೆ ಮುಟ್ಟಿಸಿ, ಹೆಂಗಸರಿರುವ ಮನೆಯಲ್ಲಿ ದೀಪ ಹಚ್ಚುವವರೆಗೆ ಜೊತೆಗೆ ಕೂರಬೇಕು. ನನಗೆ ಆ ಗತಿ ಬಂದಿರಲಿಲ್ಲ.

ಗಿರಣಿ ಗುರುಶಾಂತಣ್ಣ ನನ್ನ ಗಿರಾಕಿಯೇ ಆಗಿರಲಿಲ್ಲ. ಊರಿಗೆಲ್ಲ ಇರುವುದು ಅವರದೊಂದೇ ಹಿಟ್ಟಿನ ಗಿರಣಿ. ಬಿಳಿ ಪಂಚೆ, ಬಿಳಿ ಅಂಗಿ, ಅದರ ಮೇಲೆ ಹುಬ್ಬಿನವರೆಗೂ ಹಿಟ್ಟು. ಅಷ್ಟು ಬಿಳುಪಾಗಿ ಇನ್ನೊಬ್ಬ ಗಂಡಸು ಎದುರಾಗುವ ಪ್ರಶ್ನೆಯೇ ಇಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳು ಮಂದಾಕಿನಿಯನ್ನು ಗಿರಣಿಯ ಸದ್ದಿನಲ್ಲೇ ಸಾಕಿದವರು. ಆ ಮಂದಾ ಬೆಳೆದು ಕೈಗಡಿಯಾರ ರಿಪೇರಿ ಮಾಡುವ ಮಧುಕೇಶನನ್ನು ಒಪ್ಪಿದಳು. ಮಧುಕೇಶ ಹೆಣ್ಣು ಕೇಳಲು ಬಂದ ದಿನ ಅವನನ್ನು ಹೊಂದಿಸಿ ಕಳಿಸಿದವಳು ನಾನೇ: ಕಣಕಾಲು ಕಾಣುವ ಬೂದು ಪ್ಯಾಂಟು, ಸಾಕ್ಸಿಲ್ಲದ ಕಂದು ಶೂ, ಅಂಗಿಯ ಜೇಬಿನಿಂದ ತುದಿ ಇಣುಕುವ ಹಳದಿ ಕರವಸ್ತ್ರ. ನೋಡಿದರೆ ದೃಷ್ಟಿ ತೆಗೆಯಬೇಕು, ಹಾಗಿದ್ದ.

ಗುರುಶಾಂತಣ್ಣ ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಕರವಸ್ತ್ರದ ಹತ್ತಿರ ಕಣ್ಣು ನಿಲ್ಲಿಸಿ, "ಮೂಗು ಒರೆಸೋ ಬಟ್ಟೇನ ಎದೆ ಮೇಲೆ ಮೆರವಣಿಗೆ ಮಾಡೋನಿಗೆ ನನ್ನ ಮಗಳನ್ನ ಕೊಡಲ್ಲ" ಅಂದರು.

ಮಂದಾ ಅಪ್ಪನ ಮಗಳೇ. ಕೊಡುವವರೆಗೆ ಕಾಯಲಿಲ್ಲ, ತಾನೇ ಹೋದಳು. ಗುರುಶಾಂತಣ್ಣ ಗಿರಣಿಯ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ, "ನಾನಾಗಿ ಆ ಮನೆ ಹೊಸಿಲು ತುಳಿದ್ರೆ ಕೇಳ್ರಿ" ಎಂದರು. ಯಾರೂ ಕೇಳಿರಲಿಲ್ಲ. ಆ ಮನೆ ಇರುವುದು ಹಿಂದಿನ ಬೀದಿಯಲ್ಲಿ. ಗಿರಣಿ ನಿಂತಾಗ ಅಲ್ಲಿನ ಕುಕ್ಕರಿನ ಸೀಟಿ ಕೇಳಿಸುತ್ತದೆ. ಮಗಳಿಗೆ ಹೆಣ್ಣುಮಗುವಾಯಿತು. ಮಗು ನಡೆಯಿತು, ಮಾತು ಕಲಿಯಿತು. ಗುರುಶಾಂತಣ್ಣ ಹೋಗಲಿಲ್ಲ.

ಅಂಥವರು ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಕೂರಿ ಎನ್ನುವ ಮೊದಲೇ ಕೂತರು. ಸ್ಟೂಲಿನ ಮೇಲೆ ಹಿಟ್ಟು ಬಿತ್ತು.

"ಕಮಲಮ್ಮ, ನಂಗೆ ಪ್ಯಾಂಟು ಬೇಕು."

"ಯಾರಿಗೆ?"

"ನಂಗೇ ಅಂದ್ನಲ್ಲ."

ನಾನು ಅಳತೆಯ ಟೇಪು ತೆಗೆದುಕೊಂಡೆ. ನನ್ನ ಕಸುಬಿನಲ್ಲಿ ಆಶ್ಚರ್ಯಪಟ್ಟರೆ ಗಿರಾಕಿ ಎದ್ದು ಹೋಗುತ್ತಾನೆ. ಸೊಂಟ ಅಳೆಯುವಾಗ ಅವರೇ ಬಾಯಿಬಿಟ್ಟರು. ನಿನ್ನೆ ಮಂದಾ ಮಗುವನ್ನು ಎತ್ತಿಕೊಂಡು ಗಿರಣಿಯ ಮುಂದೆ ಹಾದಳಂತೆ. ಮಗು ಕೈ ತೋರಿಸಿ, "ಅವ್ವಾ, ಆ ಬಿಳೀ ತಾತ ಯಾರು?" ಎಂದು ಕೇಳಿತಂತೆ. ಮಂದಾ ತಿರುಗಿ ನೋಡದೆ, "ಗಿರಣಿ ತಾತ ಕಣೇ. ಎಲ್ರ ಮನೆ ಹಿಟ್ಟೂ ಮಾಡ್ಕೊಡ್ತಾರೆ" ಅಂದಳಂತೆ.

"ಸುಳ್ಳೇನಲ್ವಲ್ಲ" ಎಂದೆ ನಾನು.

"ಸುಳ್ಳಲ್ಲ ಅಂತ್ಲೇ ರಾತ್ರಿ ಊಟ ಸೇರ್ಲಿಲ್ಲ."

"ಹಾಗಾದ್ರೆ ಹೋಗಿ ನೋಡ್ಕೊಂಡ್ ಬನ್ನಿ. ಯಾರು ಬೇಡ ಅಂದೋರು?"

"ನಾನಾಗಿ ಹೋಗಲ್ಲ ಅಂದಿದೀನಲ್ಲ" ಎಂದು ಗೋಡೆ ನೋಡಿದರು. "ಆದ್ರೆ ಎದುರುಬಟ್ಟೆ ಆದ್ರೆ ನಾನಾಗಿ ಹೋದಂಗಾಗಲ್ಲ. ಕಟ್ಟಳೆ. ಊರು ಕಳಿಸಿದ್ದು. ಅಳಿಯ ಅನ್ನಿಸ್ಕೊಂಡೋನು ನಿಮ್ಮ ಗಿರಾಕಿ. ಅವನು ತೊಡೋದನ್ನೇ ನಂಗೂ ತೊಡಿಸಿ."

ನಾನು ಟೇಪು ಸುತ್ತಿಟ್ಟೆ. ಆಣೆಯ ಮಾತು ಹೇಳಿದೆ, ಅಂಗಡಿಯ ಹೆಸರಿನ ಮಾತು ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಹೂಂ ಬಿಡಿ, ನಿಮ್ಮ ಮಾತೂ ಸರಿಯೇ" ಎಂದು ಎದ್ದರು. ವಾದ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಸುಮ್ಮನೆ ಎದ್ದುಬಿಟ್ಟರಲ್ಲ, ಅಲ್ಲಿ ಸೋತೆ.

"ನಾನು ಬಾಯಲ್ಲಿ ಹೇಳಲ್ಲ" ಎಂದೆ. "ನಾಳೆ ಬೆಳಗ್ಗೆ ಬನ್ನಿ. ತೊಡಿಸ್ತೀನಿ. ತೊಡಿಸ್ಬಾರ್ದು ಅಂತ ಆಣೆ ಇಲ್ಲ."

ಅರವತ್ತು ದಾಟಿದ ಗಂಡಸಿಗೆ ಮೊದಲ ಸಲ ಪ್ಯಾಂಟು ತೊಡಿಸುವುದೆಂದರೆ ಕರುವಿಗೆ ಹಗ್ಗ ಹಾಕಿದ ಹಾಗೆ. ಮೊದಲ ದಿನ, ಮಧುಕೇಶ ಅಂದು ತೊಡಲಿದ್ದ ಹಾಗೆಯೇ, ಪಾಚಿಹಸಿರು ಅಂಗಿ, ಕೆನೆಬಣ್ಣದ ಪ್ಯಾಂಟು, ಕಪ್ಪು ಸ್ಯಾಂಡಲ್ಲು. ಬೆಲ್ಟು ಹಾಕಿದಾಗ, "ಇದು ಯಾಕೆ? ಪ್ಯಾಂಟು ಜಾರಲ್ವಲ್ಲ" ಎಂದರು. ಬೆಲ್ಟು ಇರುವುದು ಜಾರದಿರಲು ಅಲ್ಲ, ಅಂಗಿ ಎಲ್ಲಿ ಮುಗಿದು ಪ್ಯಾಂಟು ಎಲ್ಲಿ ಶುರುವಾಗುತ್ತದೆ ಎಂದು ನೋಡುವವರಿಗೆ ತಿಳಿಸಲು ಎಂದೆ. "ಅಷ್ಟೂ ಗೊತ್ತಾಗಲ್ವಾ ಜನಕ್ಕೆ?" ಎಂದರು. ತಲೆಯ ಹಿಟ್ಟನ್ನು ನಾನೇ ಬ್ರಷ್ಷಿನಿಂದ ಕೊಡವಿದೆ. ಕೆಳಗೆ ಕಪ್ಪು ಕೂದಲು ಇನ್ನೂ ಸುಮಾರು ಉಳಿದಿತ್ತು. ಅದು ಅವರಿಗೂ ಸುದ್ದಿಯೇ.

ಆ ದಿನ ಪೇಟೆಯ ತಿರುವು ದಾಟುವಷ್ಟರಲ್ಲೇ ಬಳೆ ಮಾರುವ ಅಮೀರ್‌ಜಾನ್ ಸಾಬರು ಎದುರಿಗೆ ಬಂದರು. ಪಾಚಿಹಸಿರು, ಕೆನೆ, ಕಪ್ಪು ಸ್ಯಾಂಡಲ್ಲು. ಯಾರದೋ ನಿಶ್ಚಿತಾರ್ಥಕ್ಕೆಂದು ಬೇರೆ ಅಂಗಡಿಯಲ್ಲಿ ಹೊಂದಿಸಿಕೊಂಡದ್ದಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಟ್ಟುಸಿರು ಬಿಟ್ಟರು. ಸಾಬರು ಗಿರಣಿಗೆ ಹೋಗಿ ಸಂಜೆಯವರೆಗೆ ಸೀನಿದರು. ಗುರುಶಾಂತಣ್ಣ ಬಳೆಯ ಮಲಾರ ಹೆಗಲಿಗೇರಿಸಿ ಬೀದಿ ಬೀದಿ ತಿರುಗಿದರು. ಚೀಲ ಹೊತ್ತು ಹೊತ್ತು ಬಲಿತ ಬೆರಳು; ಅವರ ಹಿಡಿತಕ್ಕೆ ಎಷ್ಟು ಬಳೆ ಒಡೆದವೋ. ಆದರೆ ಅಮೀರ್‌ಜಾನರ ಮನೆಯವರು ಸಂಜೆ ನನ್ನನ್ನು ಕಂಡು, "ಪಾಪ, ಒಳ್ಳೆ ಮನುಷ್ಯ. ಊಟಕ್ಕೆ ಕೂತಾಗ ನಮ್ಮ ಮಗಳನ್ನ ನೋಡಿ ಕಣ್ಣು ಒರೆಸ್ಕೊಂಡ್ರು. ಖಾರ ಜಾಸ್ತಿ ಆಯ್ತೇನೋ" ಅಂದರು.

ಎರಡು ದಿನ ಬಿಟ್ಟು ಮತ್ತೆ ಬಂದರು. "ಈ ಸಲ ಯಾರ ಹತ್ರಾನೂ ಇರಬಾರ್ದು ಅಂಥದ್ದು ತೊಡಿಸಿ."

ಅಂಥದ್ದು ಮಧುಕೇಶನ ಹತ್ತಿರ ಒಂದೇ ಇತ್ತು. ವಾರಕ್ಕೊಮ್ಮೆ, ಸಂತೆಯ ದಿನ, ಹೆಣ್ಣು ಕೇಳಲು ಹೋದ ದಿನದ ಉಡುಪನ್ನೇ ಅವನು ತೊಡುತ್ತಿದ್ದ. ಒಂದು ಎಳೆಯೂ ಬದಲಿಸುತ್ತಿರಲಿಲ್ಲ. ಯಾಕಯ್ಯ ಎಂದು ಒಮ್ಮೆ ಕೇಳಿದ್ದಕ್ಕೆ, "ಬಟ್ಟೇದೇನೂ ತಪ್ಪಿಲ್ವಲ್ಲಕ್ಕ" ಅಂದಿದ್ದ. ಸಂತೆಯ ದಿನ ಬೆಳಗ್ಗೆ ಗುರುಶಾಂತಣ್ಣನಿಗೆ ಬೂದು ಪ್ಯಾಂಟು ತೊಡಿಸಿದೆ. ತಿಳಿನೀಲಿ ಅಂಗಿಯ ತೋಳನ್ನು ಮೊಣಕೈಯ ಕೆಳಗೆ ಎರಡು ಮಡಿಕೆ ಮಡಿಚಿದೆ. ಕಂದು ಶೂ, ಅದೇ ಕಂದಿನ ಬೆಲ್ಟು, ಚರ್ಮದ ಪಟ್ಟಿಯ ಕೈಗಡಿಯಾರ. ಬರಿಯ ಕಣಕಾಲಿಗೆ ಗಾಳಿ ತಾಕಿ, "ಚಳಿ ಆಗುತ್ತಲ್ರೀ" ಎಂದರು. ಕೊನೆಗೆ ಹಳದಿ ಕರವಸ್ತ್ರವನ್ನು ತ್ರಿಕೋನ ಮಡಿಚಿ ಜೇಬಿಗಿಟ್ಟು, ತುದಿ ಇಣುಕುವಂತೆ ಎಳೆದೆ. ಅವರು ಕನ್ನಡಿ ನೋಡಿದರು. ಕಿವಿ ಕೆಂಪಾಯಿತು.

ನಾನು ಹಿಂದೆ ಹಿಂದೆಯೇ ಹೋದೆ. ಸಂತೆಬೀದಿಯ ಟೀ ಅಂಗಡಿಯ ಮುಂದೆ, ಸೊಪ್ಪಿನ ಕಟ್ಟು ಹಿಡಿದು ಬರುತ್ತಿದ್ದ ಮಧುಕೇಶ ಎದುರಾದ. ಮಾವ ನಿಂತರು, ಅಳಿಯ ನಿಂತ. ಬೀದಿಯೂ ಒಂದು ಗಳಿಗೆ ನಿಂತಿತು. ಟೀ ಅಂಗಡಿಯ ಬೋರಲಿಂಗ ಗಾಜಿನ ಲೋಟ ಕೆಳಗಿಟ್ಟು ಬಂದ. ಇಂಥ ತೀರ್ಪುಗಳನ್ನೆಲ್ಲ ಕೊಡುವವನು ಅವನೇ; ಯಾರೂ ನೇಮಿಸಿದ್ದಲ್ಲ, ಅಂಗಡಿ ಮೂಲೆಯಲ್ಲಿದೆ ಅಷ್ಟೆ.

"ಶೂ ಒಂದೇ. ಪ್ಯಾಂಟು ಒಂದೇ. ಬೆಲ್ಟು, ಅಂಗಿ, ಮಡಿಕೆ, ವಾಚು... ಒಂದೇ" ಎಂದು ಕೆಳಗಿನಿಂದ ಮೇಲಕ್ಕೆ ಬಂದವನು ಎದೆಯ ಹತ್ತಿರ ತಡೆದ. "ಇಲ್ಲ ಬಿಡ್ರಿ. ಒಂದೇ ಅಲ್ಲ. ಇವ್ರ ಜೇಬಲ್ಲಿ ಕರ್ಚೀಫಿದೆ. ಗಿರಣಿ ಯಜಮಾನ್ರ ಜೇಬು ಖಾಲಿ. ಹೋಗ್ರಿ, ಹೋಗ್ರಿ, ದಾರಿ ಬಿಡ್ರಿ."

ನಾನೇ ಕೈಯಾರೆ ಇಟ್ಟಿದ್ದೆ. ಗುರುಶಾಂತಣ್ಣನ ಮುಖ ನೋಡಿದಾಗ ತಿಳಿಯಿತು: ನಡೆಯುತ್ತ ನಡೆಯುತ್ತ ನಾಚಿಕೆಯಾಗಿ, ತುದಿಯನ್ನು ಬೆರಳಿನಿಂದ ಒಳಕ್ಕೆ ತುರುಕಿಬಿಟ್ಟಿದ್ದಾರೆ. ಜೇಬು ಉಬ್ಬಿತ್ತು. ಅವರ ಕೈ ಜೇಬಿನವರೆಗೆ ಹೋಯಿತು. ಎಳೆದರೆ ಸಾಕು. ಆದರೆ ಅಷ್ಟು ಜನರ ಮುಂದೆ, ಅದೂ ಅವನ ಮುಂದೆ, ಆ ಹಳದಿ ತುದಿಯನ್ನು ಹೊರಗೆಳೆಯುವುದು ಅವರಿಂದಾಗಲಿಲ್ಲ. ಕೈ ಜೇಬಿನ ಮೇಲೆಯೇ ಕೂತಿತು, ಎದೆನೋವು ಬಂದವರ ಹಾಗೆ.

ಮಧುಕೇಶ ಮಾವನ ಶೂ ನೋಡಿದ, ಬರಿಯ ಕಣಕಾಲು ನೋಡಿದ, ಉಬ್ಬಿದ ಜೇಬು ನೋಡಿದ. ಸೊಪ್ಪಿನ ಕಟ್ಟನ್ನು ನನ್ನ ಕೈಗೆ ಕೊಟ್ಟ. ಆಮೇಲೆ ಎರಡು ಬೆರಳಿನಿಂದ ತನ್ನ ಕರವಸ್ತ್ರವನ್ನು ಮೆಲ್ಲಗೆ ಒಳಗೆ ಒತ್ತಿಕೊಂಡ, ಚೂರೂ ಕಾಣದ ಹಾಗೆ.

"ಈಗ ನೋಡಿ ಬೋರಲಿಂಗಣ್ಣ" ಎಂದ.

ಗುಂಪಿನಲ್ಲಿ ಯಾರೋ, "ಅದೆಂಗಾಗುತ್ತೆ? ಎದುರಾದ ಮೇಲೆ ಕೈ ಹಾಕಂಗಿಲ್ಲ!" ಎಂದರು.

ಬೋರಲಿಂಗ ಯೋಚಿಸಿದ. "ಎದುರಾದ ಮೇಲೆ ಬೇರೆ ಮಾಡ್ಕಳಂಗಿಲ್ಲ ಅಂತ ಇದೆ. ಒಂದು ಮಾಡ್ಕಳಂಗಿಲ್ಲ ಅಂತ ಎಲ್ಲೂ ಇಲ್ಲ. ಯಾಕೆ ಇಲ್ಲ ಅಂದ್ರೆ, ಅಂಥ ಹುಚ್ಚ ಯಾರೂ ಹುಟ್ಟಿರಲಿಲ್ಲ. ಎದುರುಬಟ್ಟೆ. ನಡೀರಿ."

ಇಬ್ಬರೂ ನನ್ನ ಗಿರಾಕಿಗಳು. ಅಂಗಡಿಯ ಹೆಸರು ಅಲ್ಲಿಗೆ ಹೋಯಿತು. ಮರುದಿನವೇ ಕೆಲವರು ಬೇರೆ ಕಡೆ ಹೊಂದಿಸಿಕೊಳ್ಳತೊಡಗಿದರು, ಇವತ್ತಿಗೂ ವಾಪಸು ಬಂದಿಲ್ಲ. ಕಸುಬಿನ ಪ್ರಕಾರ ಮಧುಕೇಶನನ್ನು ಗಿರಣಿಗೆ ಮುಟ್ಟಿಸಿ, ಸ್ವಿಚ್ಚು ತೋರಿಸಿ, ಹಿಂದಿನ ಕೋಣೆಯಲ್ಲಿ ಮುಚ್ಚಿಟ್ಟ ಮುದ್ದೆ ತೋರಿಸಿ, ಗುರುಶಾಂತಣ್ಣನನ್ನು ಕರೆದುಕೊಂಡು ಹಿಂದಿನ ಬೀದಿಗೆ ಹೋದೆ. ಹೊಸಿಲ ಮುಂದೆ ಅವರ ಕಾಲು ಏಳಲಿಲ್ಲ.

"ನಾನಾಗಿ ಬಂದಿಲ್ಲ" ಎಂದರು.

"ನೀವು ಈಗ ನೀವೇ ಅಲ್ವಲ್ಲ" ಎಂದೆ. "ಬಾ ಮಧುಕೇಶ, ಒಳಗೆ ಬಾ."

ಮಂದಾ ಬಾಗಿಲಿಗೆ ಬಂದಳು, ಸೊಂಟದಲ್ಲಿ ಮಗು. ನಾನು ಪದ್ಧತಿಯಂತೆ, "ಮಂದಾ, ನಿಮ್ಮ ಯಜಮಾನ್ರು ಬಂದ್ರು" ಎಂದೆ. ಅವಳು ಅಪ್ಪನನ್ನು ನೋಡಿದಳು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಬಿಟ್ಟರೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

"ಯಾಕ್ರೀ ಇಷ್ಟು ಬೇಗ ಬಂದ್ರಿ? ಸೊಪ್ಪು ತಂದ್ರಾ?" ಎಂದಳು.

ಸೊಪ್ಪು ನನ್ನ ಕೈಯಲ್ಲಿತ್ತು. ಕೊಟ್ಟೆ.

ಕಟ್ಟಳೆಯನ್ನು ಮಂದಾ ಪಾಲಿಸಿದಷ್ಟು ಕಟ್ಟುನಿಟ್ಟಾಗಿ ಊರಿನಲ್ಲಿ ಯಾರೂ ಪಾಲಿಸಿರಲಾರರು. ಸೊಪ್ಪು ಸೋಸಿಸಿದಳು. ಮಗುವಿನ ಬಟ್ಟೆ ಒಗೆಸಿದಳು. "ಹಿಂಡಿದ್ದು ಸಾಲ್ದು ಕಣ್ರೀ, ದಿನಾ ಹೇಳ್ಬೇಕು ನಿಮ್ಗೆ" ಎಂದು ಗದರಿದಳು. ಮುಂದಿನ ಕೋಣೆಯಲ್ಲಿ ರಿಪೇರಿ ಮೇಜಿದೆ. ಗಿರಾಕಿಗಳು ಬಂದಾಗ ಗುರುಶಾಂತಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು, ಬಂದವರಿಗೆಲ್ಲ "ನಾಳೆ ಬನ್ನಿ" ಎಂದರು. ಮಧುಕೇಶ ಹೇಳುವುದೂ ಅದನ್ನೇ ಆದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಮಗು ಮಾತ್ರ ಕಟ್ಟಳೆಯ ಹೊರಗಿನದು. ಅದು ದೂರದಲ್ಲಿ ನಿಂತು ಅವರನ್ನು ನೋಡಿತು, ಹತ್ತಿರ ಬಂದು ನೋಡಿತು, ಆಮೇಲೆ ಕಿವಿಯ ಹಿಂದೆ ಉಳಿದಿದ್ದ ಹಿಟ್ಟನ್ನು ಬೆರಳಿನಿಂದ ಒರೆಸಿ ನೆಕ್ಕಿ, ಅವರ ತೊಡೆಯ ಮೇಲೆ ಹತ್ತಿ ಕೂತಿತು.

ಊಟವಾದ ಮೇಲೆ ಮಂದಾ ಬೆಳ್ಳುಳ್ಳಿ ಸುಲಿಯುತ್ತ ಕೂತಳು. ಅವರಿಗೂ ಒಂದು ಹಿಡಿ ಕೊಟ್ಟಳು. ನಾನು ಗೋಡೆಗೆ ಒರಗಿ ಮಗುವನ್ನು ಮಲಗಿಸಿಕೊಂಡಿದ್ದೆ.

"ರೀ" ಎಂದಳು ಮಂದಾ. "ನಮ್ಮಪ್ಪನ ವಿಷ್ಯ ಒಂದು ಹೇಳ್ಬೇಕಿತ್ತು ನಿಮ್ಗೆ."

ಗುರುಶಾಂತಣ್ಣನ ಕೈಯಲ್ಲಿ ಬೆಳ್ಳುಳ್ಳಿ ನಿಂತಿತು. ನನ್ನನ್ನು ನೋಡಿದರು. ನಾನು ಮಗುವಿನ ಮೇಲೆ ಇಲ್ಲದ ನೊಣ ಓಡಿಸಿದೆ.

"ನಮ್ಮ ಮಾವನ ವಿಷ್ಯಾನಾ?" ಎಂದರು. "ಏನಂತೆ ಆ ಮನುಷ್ಯಂಗೆ?"

"ಏನಿಲ್ಲ. ಬಾಣಂತನದಲ್ಲಿ ಒಂದಿನ ಬಾಗಿಲ ಮುಂದೆ ರಾಗಿ ಹಿಟ್ಟಿನ ಚೀಲ ಇತ್ತಲ್ಲ, ಮಗೂಗೆ ಸರಿ ಮಾಡಿ ತಿನ್ಸೋ ಅಷ್ಟು ನುಣ್ಣಗೆ. ಯಾರಿಟ್ರೋ ಅಂತ ನೀವೂ ನಾನೂ ಸುಮ್ನಾದ್ವಿ. ಊರಿಗಿರೋದೇ ಒಂದು ಗಿರಣಿ. ನಂಗೆ ಗೊತ್ತಾಗಲ್ವಾ?"

"ಗೊತ್ತಾದ್ಮೇಲೆ ಹೋಗಿ ಮಾತಾಡ್ಸಬೇಕಿತ್ತು."

"ಬಾಗಿಲು ಬಡೀಲಿಲ್ವಲ್ರೀ ಅವನು. ಇಟ್ಟು ಹೋದ, ಕಳ್ಳನ ಹಂಗೆ. ಮಗಳ ಮನೆಗೆ ಯಾರಾದ್ರೂ ಹಂಗೆ ಬರ್ತಾರಾ?"

ಅವರು ಬೆಳ್ಳುಳ್ಳಿಯ ಸಿಪ್ಪೆಯನ್ನು ಒಂದೊಂದಾಗಿ ಗುಡ್ಡೆ ಮಾಡಿದರು. "ಬಡಿಯೋಣ ಅಂತ ಕೈ ಎತ್ತಿದ್ನಂತೆ."

"ಯಾರು ಹೇಳಿದ್ರು?"

"ಗಿರಣೀಲಿ ಜನ ಏನೇನೋ ಮಾತಾಡ್ತಾರೆ. ಕೈ ಎತ್ತಿದ್ನಂತೆ, ಒಳಗಡೆ ನೀನು ನಗ್ತಾ ಇದ್ದೆ ಅಂತೆ. ಚಿಕ್ಕೋಳಿದ್ದಾಗ ಗಿರಣಿ ಪಟ್ಟಾ ತಿರುಗೋದ್ನ ನೋಡಿ ನಗ್ತಿದ್ಯಂತಲ್ಲ, ಹಂಗೆ. ಅಪ್ಪ ಇಲ್ದೇನೂ ಹಿಂಗೆ ನಗ್ತಾಳಲ್ಲ ಅನ್ನಿಸ್ತಂತೆ. ಚೀಲ ಇಟ್ಟು ಹೋದ್ನಂತೆ."

ಮಂದಾ ಸೆರಗಿನಿಂದ ಮೂಗು ಒರೆಸಿಕೊಂಡು, "ಹಾಳಾದ ಬೆಳ್ಳುಳ್ಳಿ" ಎಂದಳು. "ನಿಮ್ಮ ಮಾವ ಸಿಕ್ರೆ ಹೇಳ್ರೀ. ನಗದೇ ಇದ್ದಿದ್ರೆ ಸಂತೋಷ ಆಗ್ತಿತ್ತಾ ಅಂತ ಕೇಳ್ರೀ."

"ಅವನಿಗೆ ನನ್ನ ಕಂಡ್ರಾಗಲ್ಲ" ಎಂದರು ಗುರುಶಾಂತಣ್ಣ. "ಆದ್ರೂ ಕೇಳ್ತೀನಿ."

ಬಿಸಿಲು ಇಳಿಯಿತು. ಬೀದಿಯ ಮನೆಗಳಲ್ಲಿ ಒಂದೊಂದೇ ದೀಪ ಕಾಣಿಸತೊಡಗಿತು. ಮಧುಕೇಶ ಗಿರಣಿ ಮುಚ್ಚಿ ಬಂದು ಅಂಗಳದಲ್ಲಿ ನಿಂತಿದ್ದ, ಹುಬ್ಬಿನವರೆಗೂ ಬೆಳ್ಳಗೆ. ತನ್ನ ಮನೆಯ ದೀಪ ಹತ್ತುವವರೆಗೆ ಅವನು ಒಳಗೆ ಬರುವಂತಿಲ್ಲ. ದೀಪ ಹತ್ತುವಾಗ ಬದಲಿಗೆ ಬಂದವನು ಹೊಸಿಲಿನಾಚೆ ಇರಬೇಕು, ಅದು ವಾಡಿಕೆ. ಮಂದಾ ಮಾತ್ರ ಏಳಲೊಲ್ಲಳು. ಎಣ್ಣೆ ಹಾಕಿದಳು, ಬತ್ತಿ ಹೊಸೆದಳು, ಮತ್ತೆ ಬಿಚ್ಚಿ ಹೊಸೆದಳು. ಒಳಗೆ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಕತ್ತಲಾಯಿತು.

"ಹೊತ್ತಾಯ್ತು ಮಂದಾ" ಎಂದೆ ನಾನು, ಹೇಳಲೇಬೇಕಲ್ಲ ಎಂದು.

ಗುರುಶಾಂತಣ್ಣ ಎದ್ದರು. ಹೊಸಿಲವರೆಗೆ ಹೋಗಿ ಶೂ ಒಳಗೆ ಒಂದು ಕಾಲು ತೂರಿಸಿದರು. ಅಂಗಳದಲ್ಲಿ ನಿಂತ ಅಳಿಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವರು ಹೋಗಲಿಲ್ಲ. ಕಾಲನ್ನು ಶೂನಿಂದ ಮತ್ತೆ ಎಳೆದುಕೊಂಡು, ಒಳಗೆ ಬಂದು, ದೇವರ ಗೂಡಿನ ಹತ್ತಿರ ಕೈಯಾಡಿಸಿ ಬೆಂಕಿಪೊಟ್ಟಣ ಹುಡುಕಿದರು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಬತ್ತಿಗೆ ತಾಗಿಸಿ, ದೀಪ ನಿಲ್ಲುವವರೆಗೆ ಕೈ ಅಡ್ಡ ಹಿಡಿದರು.

ಬೆಳಕಾಯಿತು. ಮಂದಾ ನೆಲದಿಂದ ತಲೆಯೆತ್ತಿ, ಆಗಷ್ಟೇ ಕಂಡವಳ ಹಾಗೆ ಅವರನ್ನು ನೋಡಿದಳು.

"ಯಾವಾಗ ಬಂದೆ ಅಪ್ಪಾ?" ಎಂದಳು.

"ಈಗ ಬಂದೆ ಕಣವ್ವ" ಎಂದರು ಗುರುಶಾಂತಣ್ಣ. "ಈಗ್ಲೇ."